ಒಂದು ಕಪ್ ಮೈದಾ ಅಂದರೆ ಎಷ್ಟು ಮಾರಾಯ್ರೆ?

ನಾನು ಸಾಗರದ ಒಂದು ಅಡಿಕೆ ಮಂಡಿಯಲ್ಲಿ ತೂಕ ಬರೆಯುವವನು. ಹದಿನೇಳು ವರ್ಷವಾಯಿತು. ರಾಶಿ, ಚಾಲಿ, ಬಿಳಿಗೋಟು, ಕೆಂಪುಗೋಟು, ಯಾವ ಬಗೆಯ ಅಡಿಕೆಯೇ ಬರಲಿ, ಮೂಟೆಯನ್ನು ಯಂತ್ರದ ಮೇಲೆ ಇಡಿಸಿ, ಅಂಕಿ ಕುಣಿಯುವುದು ನಿಂತ ಮೇಲೆ ಖಾಲಿ ಚೀಲದ ತೂಕ ಕಳೆದು ಪಟ್ಟಿಗೆ ಬರೆಯುವುದು ನನ್ನ ಕೆಲಸ. ಸ್ವಲ್ಪ ಹೆಚ್ಚುಕಡಿಮೆ ಕಂಡರೂ ಬೆಳೆಗಾರರು ಬಿಡುವುದಿಲ್ಲ, "ಇನ್ನೊಂದ್ಸಲ ಇಡ್ಸಿ ನೋಡುವ" ಅನ್ನುತ್ತಾರೆ. ಅನ್ನಲೇಬೇಕು, ವರ್ಷದ ದುಡಿಮೆ ಅದು. ಇಂಥ ನಾನು ಮನೆಗೆ ಬಂದು ಬ್ರೆಡ್ ಮಾಡಲು ನಿಂತರೆ ಆಟಿಕೆಯಂಥ ಗುಲಾಬಿ ಪ್ಲಾಸ್ಟಿಕ್ ಕಪ್ಪಿನಲ್ಲಿ ಹಿಟ್ಟು ಮೊಗೆಯುತ್ತಿದ್ದೆ. ಒಂದು ದಿನವಲ್ಲ, ಹತ್ತಿರ ಹತ್ತಿರ ಎರಡು ವರ್ಷ.

ಶುರುವಾಗಿದ್ದು 2020ರ ಲಾಕ್‌ಡೌನಿನಲ್ಲಿ. ಮಂಡಿ ಬಂದ್, ಬೇಕರಿ ಬಂದ್. ನನಗೆ ಸಂಜೆ ಚಹಾಕ್ಕೆ ಬ್ರೆಡ್ ಬೇಕು, ಮಗಳಿಗೆ ಕೇಕ್ ಬೇಕು. ತಂಗಿ ಯಾವಾಗಲೋ ಕೊಟ್ಟಿದ್ದ ಓಟಿಜಿ, ಅಂದರೆ ಕರೆಂಟಿನ ಪುಟ್ಟ ಓವನ್, ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು, ಇಳಿಸಿದೆವು. ಮೊಬೈಲಿನಲ್ಲಿ ಸಿಕ್ಕಿದ ಅಮೆರಿಕದ ಒಂದು ವಿಧಾನ: ಮೂರು ಕಪ್ ಮೈದಾ, ಒಂದು ಕಪ್ ನೀರು, ಉಪ್ಪು, ಸಕ್ಕರೆ, ಬೆಣ್ಣೆ, ಯೀಸ್ಟ್. ಇಷ್ಟು ಸರಳ ಇದ್ದದ್ದನ್ನು ಹಾಳು ಮಾಡುವುದು ಹೇಗೆ ಅಂದುಕೊಂಡೆ.

ಹಾಳಾಯಿತು. ಉಬ್ಬುವುದು ಉಬ್ಬಿತು, ಆದರೆ ನಾಚಿಕೊಂಡು ಉಬ್ಬಿದ ಹಾಗೆ. ಬೆಂದ ಮೇಲೆ ಮೇಲ್ಗಡೆ ಒಂದು ಕಡೆ ಬಿರಿದು, ಒಳಗೆ ಮೇಣದ ಹಾಗೆ ಕೂತಿತ್ತು. ಕುಯ್ದರೆ ಹೋಳು ಬರುತ್ತಿರಲಿಲ್ಲ, ಪುಡಿ ಉದುರುತ್ತಿತ್ತು. ಅಮ್ಮ ಒಂದು ತುಂಡು ಚಹಾದಲ್ಲಿ ಅದ್ದಿ, ಸುಮಾರು ಹೊತ್ತು ಕಾದು, "ಇದು ನೀರು ಕುಡಿಯೂದಿಲ್ಲ ಅಲ್ದನಾ" ಅಂದಳು. ಉಳಿದದ್ದನ್ನು ನಾಯಿಗೆ ಹಾಕಿದೆ. ನಾಯಿ ಹಸಿದಿತ್ತು, ಹಿಟ್ಟು ಹಳಸಿತ್ತು ಅನ್ನುವ ಗಾದೆ ಗೊತ್ತಲ್ಲ, ನಮ್ಮ ಕರಿಯನಿಗೆ ಹಸಿವೆಯೂ ಇತ್ತು, ಬ್ರೆಡ್ ಹಳಸಿಯೂ ಇರಲಿಲ್ಲ. ಆದರೂ ಅದು ಮೂಸಿ ನೋಡಿ, ಬಾಯಲ್ಲಿ ಕಚ್ಚಿಕೊಂಡು ಹೋಗಿ ದಾಸವಾಳದ ಬುಡದಲ್ಲಿ ಗುಂಡಿ ತೋಡಿ ಹೂತಿಟ್ಟು ಬಂತು.

ಆಮೇಲೆ ನಾನು ದೂರಿನ ಮೇಲೆ ದೂರು ಹಾಕುತ್ತ ಹೋದೆ. ಯೀಸ್ಟ್ ಸತ್ತಿದೆ ಅಂದೆ, ಹೊಸ ಪೊಟ್ಟಣ ತಂದೆ. ಓಟಿಜಿಯ ಕೆಳಗಿನ ಕಾಯಿಲ್ ಸರಿ ಕಾಯುತ್ತಿಲ್ಲ ಅಂದೆ. ನಡುವೆ ಕರೆಂಟು ಹೋಯಿತು ಅಂದೆ, ಅದೊಂದು ಮಾತ್ರ ನಿಜ. ಮಳೆಗಾಲ ಬಂದ ಮೇಲಂತೂ ಎಲ್ಲ ಅಪರಾಧವನ್ನೂ ಮಳೆಯ ತಲೆಗೆ ಕಟ್ಟಿದೆ. ಹಿಟ್ಟಿನ ಮೇಲೆ ಅನುಮಾನ ಬರಲೇ ಇಲ್ಲ. ಮೂರು ಕಪ್ ಅಂದರೆ ಮೂರು ಕಪ್, ಅದರಲ್ಲಿ ತಪ್ಪಲು ಏನಿದೆ?

ಏನಿದೆ ಅಂತ ಗೊತ್ತಾಗಿದ್ದು ಅಡುಗೆಮನೆಗೆ ಒಂದು ಪುಟ್ಟ ತೂಕದ ಯಂತ್ರ ಬಂದ ದಿನ. ಅದನ್ನು ತರಿಸಿದ್ದೂ ಬ್ರೆಡ್ಡಿಗಲ್ಲ, ನಮ್ಮನೆಯವಳು ಉಪ್ಪಿನಕಾಯಿಗೆ ಖಾರದ ಪುಡಿ ತೂಗಲು ತರಿಸಿದ್ದು. ಐದು ಕಿಲೋ ತನಕ, ಒಂದೊಂದು ಗ್ರಾಂ ಲೆಕ್ಕದಲ್ಲಿ. ಹೊಸ ಯಂತ್ರ ಕಂಡರೆ ನನಗೆ ಕೈ ಸುಮ್ಮನಿರುವುದಿಲ್ಲ. ಗುಲಾಬಿ ಕಪ್ಪಿನಲ್ಲಿ ಒಂದು ಕಪ್ ಮೈದಾ ಮೊಗೆದು ಇಟ್ಟೆ. 156 ಗ್ರಾಂ. ಮೊಬೈಲಿನಲ್ಲಿ ನೋಡಿದರೆ ಅಮೆರಿಕದ ಕಿಂಗ್ ಆರ್ಥರ್ ಎಂಬ ಹಿಟ್ಟಿನ ಕಂಪನಿಯವರು ಒಂದು ಕಪ್ ಅಂದರೆ 120 ಗ್ರಾಂ ಅನ್ನುತ್ತಾರೆ. ಇನ್ನು ಕೆಲವರು 125 ಅನ್ನುತ್ತಾರೆ, ಮತ್ತೆ ಕೆಲವರು 142.

ಮನೆಯವರನ್ನೆಲ್ಲ ಕರೆದು ಪರೀಕ್ಷೆ ಮಾಡಿದೆ. ಅದೇ ಡಬ್ಬ, ಅದೇ ಕಪ್ಪು, "ಒಂದು ಕಪ್ ಮೈದಾ ತೆಗೀರಿ" ಅಂತಷ್ಟೇ ಹೇಳಿದ್ದು. ಮಗಳು ಆಗ ಏಳನೇ ಕ್ಲಾಸು. ಚಮಚದಲ್ಲಿ ಒಂದೊಂದೇ ಸಲ ಉದುರಿಸಿ ತುಂಬಿ, ಜಾಮಿಟ್ರಿ ಬಾಕ್ಸಿನ ಸ್ಕೇಲಿನಿಂದ ತಲೆ ಸವರಿದಳು: 121. ನಮ್ಮನೆಯವಳು ಕಪ್ಪನ್ನು ಡಬ್ಬದೊಳಗೆ ಅದ್ದಿ ತೆಗೆದು ಕೈಯಿಂದ ಮಟ್ಟ ಮಾಡಿದಳು: 148. ನಾನು ಅದ್ದುವುದರ ಜೊತೆಗೆ ಡಬ್ಬದ ಗೋಡೆಗೆ ಒತ್ತಿ ಮೇಲೆ ತರುವ ಪೈಕಿ, ನನ್ನದು 156. ಅಮ್ಮ ಮೊಗೆದು, ಕಟ್ಟೆಗೆ ಎರಡು ಸಲ ಕುಟ್ಟಿ, ಇಳಿದ ಜಾಗಕ್ಕೆ ಇನ್ನಷ್ಟು ಹಾಕಿ, ಮೇಲೆ ಸಣ್ಣದೊಂದು ಗೋಪುರ ನಿಲ್ಲಿಸಿದಳು: 171. "ಅಳತೆ ಅಂದ್ರೆ ತುಂಬಿರ್ಬೇಕು, ಕೊರತೆ ಆಗ್ಬಾರ್ದು" ಅಂತ ಅವಳ ನ್ಯಾಯ. ಅಕ್ಕಿ ಅಳೆದು ಕೊಟ್ಟು ಬೆಳೆದ ಕೈ. ಅವಳ ಹಿತ್ತಾಳೆ ಪಾವು ಇವತ್ತಿಗೂ ಅಕ್ಕಿ ಡಬ್ಬದಲ್ಲೇ ಇದೆ. 1956ರಲ್ಲಿ ಕಾನೂನು ಬಂದು ಸೇರು, ಮಣ ಎಲ್ಲ ಹೋಗಿ ಕಿಲೋ ಬಂತು ಅಂತ ಓದಿದ್ದೇವೆ, ನಮ್ಮ ಅಡುಗೆಮನೆಗೆ ಆ ಸುದ್ದಿ ತಲುಪಿಲ್ಲ.

ಅಕ್ಕಿಗೆ ಪಾವು ಸರಿ. ಕಾಳು ಕಾಳಿನ ಮಧ್ಯೆ ಇರುವ ಜಾಗ ಕುಟ್ಟಿದರೂ ಅಷ್ಟೇನೂ ಬದಲಾಗುವುದಿಲ್ಲ. ಹಿಟ್ಟು ಹಾಗಲ್ಲ, ಅದರಲ್ಲಿ ಅರ್ಧಕ್ಕರ್ಧ ಗಾಳಿಯೇ. ಜರಡಿ ಹಿಡಿದರೆ ಹೂವಿನ ಹಾಗೆ ಅರಳುತ್ತದೆ, ಅಂಗಡಿಯಿಂದ ಬರುವಾಗ ಸ್ಕೂಟರಿನಲ್ಲಿ ಕುಲುಕಿದರೆ ಕುಗ್ಗಿ ಕೂರುತ್ತದೆ. ಜರಡಿ ಹಿಡಿದು ಅಳೆಯಬೇಕೋ, ಅಳೆದು ಜರಡಿ ಹಿಡಿಯಬೇಕೋ ಅನ್ನುವುದರಲ್ಲೇ ಕಪ್ಪಿಗೆ ಹತ್ತಿಪ್ಪತ್ತು ಗ್ರಾಂ ವ್ಯತ್ಯಾಸ. ಕಪ್ಪಿನ ಗಾತ್ರವಾದರೂ ಒಂದೇ ಇದೆಯಾ ಅಂದರೆ ಅದೂ ಇಲ್ಲ. ಅಮೆರಿಕದ್ದು ಸುಮಾರು 237 ಮಿಲಿ, ಆಸ್ಟ್ರೇಲಿಯಾದ್ದು 250, ಜಪಾನಿನದು 200. ನಮ್ಮ ಗುಲಾಬಿ ಕಪ್ಪಿಗೆ ಅಂಚಿನ ತನಕ ನೀರು ತುಂಬಿ ತೂಗಿದೆ, 238 ಬಂತು. ನೀರು ಒಂದು ಮಿಲಿ ಅಂದರೆ ಒಂದು ಗ್ರಾಂ, ಹಾಗಾಗಿ ಯಾರು ಬೇಕಾದರೂ ಮನೆಯಲ್ಲಿ ನೋಡಿಕೊಳ್ಳಬಹುದು. ತಂಗಿಯ ಮನೆಯ ಸೆಟ್ಟಿನಲ್ಲಿ ಅದೇ 'ಒಂದು ಕಪ್' 250.

ಈ ಕಪ್ಪಿನ ತಲೆ ಸವರುವ ಪದ್ಧತಿಯನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿದ್ದು ಬಾಸ್ಟನ್ನಿನ ಫ್ಯಾನಿ ಫಾರ್ಮರ್ ಎಂಬ ಅಡುಗೆ ಶಾಲೆಯ ಟೀಚರು, 1896ರಲ್ಲಿ ಬಂದ ಅವರ ಪುಸ್ತಕದಿಂದ. ಅಲ್ಲಿ ತನಕ 'ಒಂದು ಚಹಾ ಲೋಟ, ಮೊಟ್ಟೆ ಗಾತ್ರದ ಬೆಣ್ಣೆ' ಅಂತ ನಡೆಯುತ್ತಿತ್ತಂತೆ. ಆ ಕಾಲಕ್ಕೆ ಅದು ದೊಡ್ಡ ಸುಧಾರಣೆಯೇ ಇರಬೇಕು. ಯುರೋಪಿನವರು ಮೊದಲಿಂದ ತಕ್ಕಡಿಯವರು. ನಾವು ಇಂಗ್ಲೆಂಡಿನವರಿಂದ ಬೇಕರಿ ಕಲಿತು, ಮೊಬೈಲಿನಿಂದ ಅಮೆರಿಕದ ಕಪ್ಪು ಎತ್ತಿಕೊಂಡೆವು. ನಮ್ಮೂರ ಅಯ್ಯಂಗಾರ್ ಬೇಕರಿಯ ಒಳಗೆ ಇಣುಕಿ ನೋಡಿ, ಅಲ್ಲಿ ಯಾರೂ ಕಪ್ಪು ಹಿಡಿದು ನಿಂತಿರುವುದಿಲ್ಲ. ಮೂಟೆ ಲೆಕ್ಕ, ಕಿಲೋ ಲೆಕ್ಕ.

ಈಗ ನನ್ನ ಬ್ರೆಡ್ಡಿನ ಪಟ್ಟಿ ಬರೆಯೋಣ. ವಿಧಾನ ಬರೆದವರ ಮನಸ್ಸಿನಲ್ಲಿದ್ದ ಮೂರು ಕಪ್ 360 ಗ್ರಾಂ. ನಾನು ಹಾಕುತ್ತಿದ್ದದ್ದು ಮೂರು ಸಲ 156, ಅಂದರೆ 468. ಹೆಚ್ಚಿಗೆ ಬಿದ್ದದ್ದು 108 ಗ್ರಾಂ. ಎರಡು ವರ್ಷ ಪ್ರತಿ ಬ್ರೆಡ್ಡಿಗೂ ತಪ್ಪದೆ ಅಷ್ಟೋತ್ತರ ಮಾಡಿಸಿದ್ದೇನೆ. ಬೇಕರಿಯವರ ಲೆಕ್ಕ ಹೇಗೆಂದರೆ, ಹಿಟ್ಟು ಎಷ್ಟೇ ಇರಲಿ ಅದು ನೂರು, ಉಳಿದದ್ದೆಲ್ಲ ಅದರ ಮೇಲೆ ಶೇಕಡಾ. 360 ಗ್ರಾಂ ಹಿಟ್ಟಿಗೆ 240 ನೀರು ಅಂದರೆ ನೂರಕ್ಕೆ 67. ಮೆತ್ತಗಿನ ಬ್ರೆಡ್ಡಿನ ಹದ ಅದು. 468ಕ್ಕೆ ಅದೇ 240 ನೀರು ಹಾಕಿದರೆ ನೂರಕ್ಕೆ 51. ಅಷ್ಟು ಗಟ್ಟಿ ಹಿಟ್ಟನ್ನು ಯೀಸ್ಟ್ ಹೇಗೆ ಉಬ್ಬಿಸೀತು ಪಾಪ. ಅಮ್ಮ ಹೇಳಿದ್ದೇ ಸರಿ, ಅದು ಚಹಾ ಕುಡಿಯದಿದ್ದದ್ದಲ್ಲ, ಹಿಟ್ಟಿಗೇ ನಾನು ನೀರು ಕುಡಿಸಿರಲಿಲ್ಲ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮಾರನೇ ಭಾನುವಾರ ಯಂತ್ರ ಇಟ್ಟು ಸರಿಯಾಗಿ 360 ತೂಗಿ ಮಾಡಿದೆ. ಬ್ರೆಡ್ ಮೊದಲಿಗಿಂತ ವಾಸಿ, ಆದರೂ ಗಟ್ಟಿ. ನನಗೆ ತಲೆ ಕೆಟ್ಟುಹೋಯಿತು. ಯಂತ್ರದ ಮೇಲೇ ಅನುಮಾನ ಬಂತು. ಮಂಡಿಯ ಯಂತ್ರಕ್ಕೆ ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಸೀಲು ಹಾಕುತ್ತಾರೆ, ಇದಕ್ಕೆ ಯಾರು ಹಾಕುತ್ತಾರೆ? ಹತ್ತು ರೂಪಾಯಿಯ ಹತ್ತು ನಾಣ್ಯ ಇಟ್ಟು ನೋಡಿದೆ. ನಾಣ್ಯ ಒಂದಕ್ಕೆ 7.7 ಗ್ರಾಂ ಚಿಲ್ಲರೆ, ಹತ್ತಕ್ಕೆ 77 ತೋರಿಸಬೇಕು. ತೋರಿಸಿತು. ಯಂತ್ರದ ತಪ್ಪಲ್ಲ.

ತಪ್ಪು ಕೈಯದು. ಸರಿಯಾದ ನೀರು ಬಿದ್ದ ಹಿಟ್ಟು ಹೇಗಿರುತ್ತದೆ ಅಂತ ಎರಡು ವರ್ಷದಲ್ಲಿ ನಾನು ನೋಡಿಯೇ ಇರಲಿಲ್ಲ. ಕಲಸಿದ ಮೊದಲ ಐದು ನಿಮಿಷ ಅದು ಹಲಸಿನ ಮೇಣ. ಬೆರಳ ಸಂದಿಗೆ ಹೊಕ್ಕು, ಉಂಗುರದ ಸುತ್ತ ಕೂತು, ಒಂದು ಕೈ ಬಿಡಿಸಲು ಹೋದರೆ ಇನ್ನೊಂದು ಕೈ ಹಿಡಿಯುತ್ತದೆ. ಆಗಲೇ ಫೋನು ಬರುತ್ತದೆ ಕೂಡ. ಬಾಗಿಲಲ್ಲಿ ನಿಂತ ಅಮ್ಮ, "ಕೈ ಬಿಡ್ತಾ ಇಲ್ಲ, ಇನ್ನೊಂದು ಮುಷ್ಟಿ ಹಾಕಾ" ಅಂದಳು, ನಾನು ಹಾಕಿದೆ. ಕಟ್ಟೆಗೆ ಅಂಟುತ್ತದೆ ಅಂತ ಇನ್ನಷ್ಟು ಉದುರಿಸಿದೆ. ಸುತ್ತಿ ಟಿನ್ನಿಗೆ ಹಾಕುವಾಗ ಮತ್ತಷ್ಟು. ಚಪಾತಿ ಲಟ್ಟಿಸಿದ ಕೈಗೆ ಒಣಹಿಟ್ಟು ಉದುರಿಸುವುದು ಉಸಿರಾಡಿದಷ್ಟೇ ಸಹಜ, ಲೆಕ್ಕಕ್ಕೇ ಬರುವುದಿಲ್ಲ.

ಅದರ ಮುಂದಿನ ವಾರ ಮಂಡಿಯ ಬುದ್ಧಿ ಉಪಯೋಗಿಸಿದೆ. ಉದುರಿಸುವ ಹಿಟ್ಟನ್ನು ಬೇರೆ ಬಟ್ಟಲಲ್ಲಿ ಹಾಕಿಕೊಂಡು, ಶುರುವಿಗೆ ಒಮ್ಮೆ, ಕೊನೆಗೆ ಒಮ್ಮೆ ತೂಗಿದೆ. ಖಾಲಿಯಾದದ್ದು 64 ಗ್ರಾಂ! ಅಂದರೆ 360 ಅಂತ ಬೀಗಿದ್ದು ಕೊನೆಗೆ 424. ಯಂತ್ರದ ಎದುರಿಗೆ ಉಳಿಸಿದ್ದನ್ನು ಕಟ್ಟೆಯ ಮೇಲೆ ಕಳೆದಿದ್ದೆ.

ಹಾಗಾದರೆ ಅಂಟುವ ಹಿಟ್ಟನ್ನು ಏನು ಮಾಡುವುದು? ಸುಮ್ಮನೆ ಬಿಡುವುದು. ಹಿಟ್ಟು, ನೀರು ಎರಡನ್ನೇ ಒರಟೊರಟಾಗಿ ಸೇರಿಸಿ, ಒದ್ದೆ ಬಟ್ಟೆ ಮುಚ್ಚಿ 20–30 ನಿಮಿಷ ಇಟ್ಟರೆ ಅದರ ಪಾಡಿಗೆ ಅದು ನೀರು ಹೀರಿ, ಅರ್ಧ ನಾದಿದಷ್ಟು ನಯವಾಗಿರುತ್ತದೆ. ಆಮೇಲೆ ಉಪ್ಪು, ಯೀಸ್ಟ್, ಬೆಣ್ಣೆ. ಫ್ರಾನ್ಸಿನ ರೇಮಂ ಕಾಲ್ವೆಲ್ ಎಂಬ ಬ್ರೆಡ್ಡಿನ ಪ್ರೊಫೆಸರು ಇದಕ್ಕೊಂದು ಹೆಸರಿಟ್ಟು ಲೋಕಪ್ರಸಿದ್ಧ ಮಾಡಿದ್ದಾರೆ. ಅಮ್ಮನಿಗೆ ಹೇಳಿದೆ. "ಚಪಾತಿ ಹಿಟ್ಟು ನೆನೆಯೂಕೆ ಬಿಡೂದಿಲ್ವನಾ, ಅದೇ" ಅಂದಳು. ಅದೇ. ಹಾಗಂತ ಮುಷ್ಟಿ ಹಿಟ್ಟು ಹಾಕು ಅಂದದ್ದೂ ಅವಳೇ, ಅದನ್ನು ನೆನಪಿಸಲಿಲ್ಲ.

ನೆನೆದ ಮೇಲೂ ಅಂಟಿದರೆ ಕೈಗೆ ನೀರು ಅಥವಾ ಎಣ್ಣೆ ಸವರಿಕೊಳ್ಳುತ್ತೇನೆ, ಹಿಟ್ಟಲ್ಲ. ಕಟ್ಟೆಯಿಂದ ಎಬ್ಬಿಸಲು ದೋಸೆ ಮೊಗಚುವ ಸಟ್ಟುಗ. ಅಂಗಡಿಯಲ್ಲಿ ಸ್ಕ್ರೇಪರ್ ಅಂತ ಮಾರುವುದೂ ಹಿಡಿ ಮುರಿದ ಸಟ್ಟುಗದ ಹಾಗೇ ಇದೆ. ಎಂಟು ಹತ್ತು ನಿಮಿಷ ನಾದಿದ ಮೇಲೆ ಒಂದು ಗಳಿಗೆ ಬರುತ್ತದೆ: ಹಿಟ್ಟು ತಾನಾಗಿ ಪಾತ್ರೆಯ ಗೋಡೆ ಬಿಟ್ಟು, ನಡುವೆ ಉಂಡೆಯಾಗಿ ಸೇರಿ, ಮುಟ್ಟಿದರೆ ಬೆರಳಿಗೆ ಅಂಟಿದ ಹಾಗೆ ಮಾಡಿ ಬಿಟ್ಟುಬಿಡುತ್ತದೆ. ಚೂರು ಕಿತ್ತು ಬೆಳಕಿಗೆ ಹಿಡಿದು ಎಳೆದರೆ ಹರಿಯದೆ ಪೊರೆಯಾಗುತ್ತದೆ, ಆಚೆಯಿಂದ ಬೆಳಕು ಕಾಣುತ್ತದೆ. ಆ ಗಳಿಗೆ ಬರುವ ಮೊದಲೇ ಹೆದರಿ ಹಿಟ್ಟು ಹಾಕುವುದರಿಂದಲೇ ನಮ್ಮ ಕಡೆಯ ಮನೆ ಬ್ರೆಡ್ಡುಗಳೆಲ್ಲ ಗಟ್ಟಿ ಅನ್ನುವುದು ನನ್ನ ಅಭಿಪ್ರಾಯ. ನಾನೀಗ ಹಿಟ್ಟನ್ನು ಒಮ್ಮೆ ತೂಗಿದ ಮೇಲೆ ಮುಟ್ಟುವುದೇ ಇಲ್ಲ. ಬದಲಾಯಿಸುವುದಿದ್ದರೆ ನೀರು ಮಾತ್ರ. ಮೊದಲೇ ಎರಡು ಚಮಚ ನೀರು ಹಿಂದಿಟ್ಟುಕೊಂಡು, ಬೇಕೆನಿಸಿದರೆ ಹಾಕುತ್ತೇನೆ.

ನೀರು ಬದಲಾಗುವುದು ನಿಜ, ಯಾಕೆಂದರೆ ಹಿಟ್ಟು ಬದಲಾಗುತ್ತದೆ. ಮೈದಾಕ್ಕೆ ನೂರಕ್ಕೆ 65 ಕೊಟ್ಟರೆ ಗೋಧಿ ಹಿಟ್ಟು 70, 75 ಕೇಳುತ್ತದೆ. ಅದರಲ್ಲಿ ತೌಡು ಇದೆ, ಅದು ನೀರು ಹೀರುತ್ತದೆ. ಮೇಲಾಗಿ ಗಿರಣಿಯ ಕಲ್ಲಿನ ತಿಕ್ಕಾಟಕ್ಕೆ ಹಿಟ್ಟಿನ ಪಿಷ್ಟದ ಕಣಗಳು ಒಡೆದಿರುತ್ತವೆ, ಒಡೆದ ಕಣ ಹೆಚ್ಚು ನೀರು ಕುಡಿಯುತ್ತದೆ. ಚಪಾತಿ ಮೆತ್ತಗಾಗುವುದೂ ಅದರಿಂದಲೇ. ಮೈದಾ ತೆಗೆದು ಅಷ್ಟೇ ಗೋಧಿ ಹಿಟ್ಟು ಹಾಕಿ ನೀರು ಅಷ್ಟೇ ಇಟ್ಟರೆ ಮತ್ತೆ ಕರಿಯನ ದಾಸವಾಳದ ಬುಡವೇ ಗತಿ.

ಇನ್ನು ಮಳೆ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಉಪ್ಪು ನೀರಾಗುತ್ತದೆ, ಬೆಂಕಿಪೆಟ್ಟಿಗೆ ಹತ್ತುವುದಿಲ್ಲ, ಹಿಟ್ಟೂ ತೇವ ಎಳೆದುಕೊಳ್ಳುತ್ತದೆ. ತೇವದ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ, ಸರಿಯಾಗಿ ಒಣಗದ ಚಾಲಿ ತಂದು ತೂಕಕ್ಕೆ ಇಡುವವರನ್ನು ದಿನಾ ನೋಡುತ್ತೇನೆ. ಆದರೆ ಲೆಕ್ಕ ಹಾಕಿ ನೋಡಿದೆ. ಅರ್ಧ ಕಿಲೋ ಹಿಟ್ಟಿನ ತೇವ ನೂರಕ್ಕೆ 12 ಇದ್ದದ್ದು 14 ಆಯಿತು ಅಂದುಕೊಳ್ಳಿ. ಹೆಚ್ಚಾದ ನೀರು 10 ಗ್ರಾಂ, ಎರಡು ಸಣ್ಣ ಚಮಚ. ಎಲ್ಲಿಯ ಹತ್ತು ಗ್ರಾಂ, ಎಲ್ಲಿಯ ನನ್ನ ಅಷ್ಟೋತ್ತರ! ಮಳೆಯನ್ನು ಬೈದದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಕೇಕಿನ ಕಥೆ ಚಿಕ್ಕದು. ಮೊಟ್ಟೆ ಇಲ್ಲದ ಮೊಸರಿನ ಕೇಕು, ಒಂದೂವರೆ ಕಪ್ ಮೈದಾ. 180 ಹಾಕಬೇಕಾದಲ್ಲಿ 234 ಹಾಕಿದ್ದೆ. ಮಗಳ ಹುಟ್ಟುಹಬ್ಬಕ್ಕೆ ನಡುವೆ ಗುಡ್ಡ ಎದ್ದು ಬೇಸಿಗೆಯ ಕೆರೆಯ ಹಾಗೆ ಬಿರಿದ ಕೇಕು, ಮೇಲೆ ಕ್ರೀಮು ಬಳಿದು ಮುಚ್ಚಿದೆವು. ಕೇಕಿಗೆ ಗ್ರಾಂ ನೋಡಿ ಹಾಕಿದ ಮೇಲೂ ಕಣ್ಣಿಗೊಂದು ಗುರುತು ಇರಲಿ: ಇಡ್ಲಿ ಹಿಟ್ಟಿನ ಹಾಗೆ ಸೌಟಿನಿಂದ ದಪ್ಪಗೆ ಜಾರಿ ಬೀಳಬೇಕು. ದೋಸೆ ಹಿಟ್ಟಿನ ಹಾಗೆ ಸುರಿದರೆ ತೆಳು, ಬೋಂಡಾ ಹಿಟ್ಟಿನ ಹಾಗೆ ಕಚ್ಚಿಕೊಂಡರೆ ಗಟ್ಟಿ.

ಯಂತ್ರ ಕೊಳ್ಳುವವರಿಗೆ ತೂಕದವನಾಗಿ ಒಂದು ಮಾತು. ಈ ಸಣ್ಣ ಯಂತ್ರಗಳು ಯೀಸ್ಟಿನಂಥ ಮೂರು ನಾಲ್ಕು ಗ್ರಾಮಿಗೆ ನಂಬಿಕಸ್ಥರಲ್ಲ. ಪಾತ್ರೆ ಇಟ್ಟು ಸೊನ್ನೆ ಮಾಡಿ ಯೀಸ್ಟನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಎಷ್ಟೋ ಯಂತ್ರಗಳು ಸೊನ್ನೆಯಲ್ಲೇ ನಿಂತಿರುತ್ತವೆ. ನಿಧಾನವಾಗಿ ಏರುವ ಅಲ್ಪ ತೂಕವನ್ನು ಅಲುಗಾಟ ಅಂದುಕೊಂಡು ತಾನೇ ಸೊನ್ನೆಗೆ ಸರಿಪಡಿಸಿಕೊಳ್ಳುತ್ತವೆ. ನಾನು ಹೀಗೆ ಒಮ್ಮೆ ದುಪ್ಪಟ್ಟು ಯೀಸ್ಟ್ ಹಾಕಿ ಮನೆಯೆಲ್ಲ ಹೆಂಡದಂಗಡಿ ವಾಸನೆ ಬರಿಸಿದ್ದೇನೆ. ಯೀಸ್ಟಿಗೆ ಅಳತೆ ಚಮಚವೇ ಸೈ, ಇನ್‌ಸ್ಟಂಟ್ ಯೀಸ್ಟ್ ಒಂದು ಸಣ್ಣ ಚಮಚಕ್ಕೆ 3 ಗ್ರಾಂ. ಹಿಟ್ಟು, ನೀರು, ಹಾಲು ಮಾತ್ರ ಯಂತ್ರಕ್ಕೆ ಬಿಡಿ.

ಈಗ ಭಾನುವಾರದ ನಮ್ಮ ಲೆಕ್ಕ: ಮೈದಾ 400, ನೀರು 260, ಸಕ್ಕರೆ 20, ಬೆಣ್ಣೆ 25, ಉಪ್ಪು 8, ಯೀಸ್ಟ್ ಒಂದೂ ಕಾಲು ಸಣ್ಣ ಚಮಚ. 9 ಇಂಚಿನ ಟಿನ್ನಿಗೆ ಸರಿಹೋಗುತ್ತದೆ. ಹೋಳು ಹೋಳಾಗಿ ಬರುತ್ತದೆ, ಚಹಾವನ್ನೂ ಕುಡಿಯುತ್ತದೆ. ಕರಿಯನಿಗೆ ಅಂಚು ಕೊಟ್ಟರೆ ನಿಂತಲ್ಲೇ ತಿನ್ನುತ್ತದೆ.

ಮೊನ್ನೆ ಸೊರಬದ ಅತ್ತೆ ನಮ್ಮನೆಗೆ ಬಂದವರು ಈ ಬ್ರೆಡ್ ತಿಂದು ಹೋಗಿ, ಮರುದಿನ ಫೋನು ಮಾಡಿದರು. "ಎಷ್ಟು ಹಿಟ್ಟು ಹಾಕಿದ್ದ?"

"ನಾನೂರು ಗ್ರಾಂ ಅತ್ತೆ."

"ಅಂದ್ರೆ ಎಷ್ಟು ಲೋಟ?"

"ಯಾವ ಲೋಟ ಅತ್ತೆ?"

"ಯಾವ ಲೋಟ ಅಂದ್ರೆಂತ, ನಮ್ಮನೆ ಲೋಟ."

ಭಾನುವಾರ ಯಂತ್ರವನ್ನು ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಸೊರಬಕ್ಕೆ ಹೋದೆ. ಅತ್ತೆ ತಮ್ಮ ಸ್ಟೀಲ್ ಲೋಟದಲ್ಲಿ ತಮ್ಮ ಕೈಯಾರೆ ಮೈದಾ ಮೊಗೆದು ಕೊಟ್ಟರು, ಮೂರು ಸಲ ತೂಗಿದೆ. ಹೆಚ್ಚುಕಡಿಮೆ 145. "ಮೂರು ಲೋಟ ತಗೊಳ್ಳಿ, ಅದರಲ್ಲಿ ಒಂದು ಮುಷ್ಟಿ ವಾಪಸ್ ಡಬ್ಬಕ್ಕೆ ಹಾಕಿ" ಅಂದೆ.

ಅತ್ತೆ ಕೈ ನೋಡಿಕೊಂಡರು, ಆಮೇಲೆ ನನ್ನ ಕೈ ನೋಡಿದರು. "ಯಾರ ಮುಷ್ಟಿ? ನಿಂದಾ, ನಂದಾ?"